ಶನಿವಾರದ ಸಂತೋಷ

ಯೆಹೂದಿ ಆಚರಣೆಗಳೆಂದರೆ ಬರಿಯ ಕಟ್ಟುಪಾಡುಗಳು ಎಂದುಕೊಂಡವರು ಹಲವರಿದ್ದಾರೆ. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ಅವರ ವಾರದ ವಿಶ್ರಾಂತಿ ದಿನವಾದ ಸಬ್ಬತ್‌ನಲ್ಲಿ 39 ಬಗೆಯ ಕೆಲಸಗಳಿಗೆ ನಿಷೇಧವಿರುವುದು ನಿಜ. ಆದರೆ ಶುಕ್ರವಾರ ಸೂರ್ಯ ಮುಳುಗುವ ಮೊದಲೇ ಮನೆಯೊಡತಿ ದೀಪ ಹಚ್ಚಿ, ಕಣ್ಣು ಮುಚ್ಚಿ ಪ್ರಾರ್ಥಿಸಿ, ಆಮೇಲೆ ಮನೆಮಂದಿಯೆಲ್ಲ ಹಾಡುತ್ತಾ ಊಟಕ್ಕೆ ಕೂರುವ ಕ್ರಮವನ್ನು ಅರಿತ ಮೇಲೆ, ಆ ನಿಷೇಧಗಳೆಲ್ಲ ಸಂತೋಷಕ್ಕೆ ಜಾಗ ಬಿಡಿಸಿಕೊಡುವುದಕ್ಕಾಗಿಯೇ ಇವೆ ಎಂದು ನನಗೆ ಮನವರಿಕೆಯಾಯಿತು.

ಶನಿವಾರ ರಾತ್ರಿ ಮೂರು ನಕ್ಷತ್ರಗಳು ಕಂಡ ಮೇಲೆ ಸಬ್ಬತ್ತನ್ನು ಬೀಳ್ಕೊಡುವ ಹವ್ದಾಲಾ ನನಗೆ ಇನ್ನೂ ಪ್ರಿಯ. ಲವಂಗದಂಥ ಪರಿಮಳದ್ರವ್ಯಗಳ ಪುಟ್ಟ ಡಬ್ಬಿ ಕೈಯಿಂದ ಕೈಗೆ ಸಾಗುತ್ತದೆ. ಹೆಣೆದ ಮೇಣದಬತ್ತಿಯ ಬೆಳಕಿಗೆ ಬೆರಳುಗಳನ್ನು ಹಿಡಿದು ಉಗುರುಗಳ ಹೊಳಪನ್ನು ನೋಡುತ್ತಾರೆ. ಕೊನೆಗೆ ಆ ಬತ್ತಿಯನ್ನು ದ್ರಾಕ್ಷಾರಸದಲ್ಲಿ ನಂದಿಸುವುದೂ ಉಂಟು. ಕಣ್ಣು, ಮೂಗು, ನಾಲಗೆ ಎಲ್ಲವೂ ಪ್ರಾರ್ಥನೆಯಲ್ಲಿ ಪಾಲ್ಗೊಳ್ಳುವ ಈ ಪರಿ ಎಷ್ಟು ಸುಂದರ!

ಕಾಸರಗೋಡಿನವರಾದ ನಮಗೆ ಇದು ದೂರದ ಸಂಗತಿಯೇನಲ್ಲ. ನಮ್ಮದೇ ರಾಜ್ಯದ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್ ಎಂಬ ಯೆಹೂದಿ ಪ್ರಾರ್ಥನಾಮಂದಿರ ಇದೆ. ಉತ್ತರಕ್ಕೆ ಹೋದರೆ, ಕೊಂಕಣದ ಬೆನೆ ಇಸ್ರೇಲ್ ಎಂಬ ಯೆಹೂದಿ ಸಮುದಾಯದವರು ಶನಿವಾರ ಗಾಣ ನಿಲ್ಲಿಸುತ್ತಿದ್ದ ಕಾರಣಕ್ಕೆ ‘ಶನಿವಾರ ತೇಲಿ’ (ಶನಿವಾರ ಬಿಡುವು ಮಾಡುವ ಗಾಣಿಗರು) ಎಂದೇ ಹೆಸರಾದವರು. ಶುಭಕಾರ್ಯಗಳಲ್ಲಿ ಪ್ರವಾದಿ ಎಲೀಯನನ್ನು ನೆನೆದು ಅವರು ಹಂಚುವ ಮಲೀದಾ ಎಂಬ ಪ್ರಸಾದದಲ್ಲಿರುವುದು ಸಿಹಿ ಬೆರೆಸಿದ ಅವಲಕ್ಕಿ, ತೆಂಗಿನತುರಿ ಮತ್ತು ಹಣ್ಣುಗಳು. ನಮ್ಮ ಅಡುಗೆಮನೆಯಲ್ಲೂ ಸದಾ ಇರುವ ವಸ್ತುಗಳೇ.

ದುಡಿಮೆಯ ನಷ್ಟವನ್ನು ಲೆಕ್ಕಿಸದೆ ಗಾಣ ನಿಲ್ಲಿಸಿದ ಆ ಜನರನ್ನು ನೆನೆದೇ ನಾನು ವಾರದಲ್ಲೊಂದು ಸಂಜೆ ಫೋನನ್ನು ಬದಿಗಿಟ್ಟು, ದೇವರಿಗೆ ದೀಪ ಹಚ್ಚಿ, ಮನೆಯವರೊಡನೆ ನಿಧಾನವಾಗಿ ಉಣ್ಣಲು ಆರಂಭಿಸಿದ್ದೇನೆ.