ಲಾಬಿಯಲ್ಲಿ ಪ್ಲಾಟಿನಂ, ಎಎಚ್‌ಯು ರೂಮಿನಲ್ಲಿ 50 ಹರ್ಟ್ಜ್

ಬೆಂಗಳೂರಿನ ಆಫೀಸ್ ಕಟ್ಟಡಗಳ ಎನರ್ಜಿ ಆಡಿಟ್ ಮಾಡುವುದು ನನ್ನ ಕೆಲಸ. ಟೀಮಿಗೆ ಹೊಸಬರು ಬಂದರೆ ಒಂದು ಮಾತು ಹೇಳುತ್ತೇನೆ. ಲಾಬಿಯ ಗೋಡೆ ಮೇಲಿನ ಗ್ರೀನ್ ಸರ್ಟಿಫಿಕೇಟ್ ಆಮೇಲೆ ನೋಡಿ, ಮೊದಲು ಎಎಚ್‌ಯು ರೂಮಿಗೆ ಹೋಗಿ ವಿಎಫ್‌ಡಿ ಎಷ್ಟು ಹರ್ಟ್ಜ್ ತೋರಿಸುತ್ತಿದೆ ನೋಡಿ.

ಎಎಚ್‌ಯು ಅಂದರೆ ಇಡೀ ಫ್ಲೋರಿಗೆ ತಣ್ಣನೆ ಗಾಳಿ ತಳ್ಳುವ ದೊಡ್ಡ ಫ್ಯಾನು. ಅದರ ವೇಗ ಏರಿಸಿ ಇಳಿಸುವುದು ವಿಎಫ್‌ಡಿ. ವೇಗ ಪೂರ್ತಿ 50 ಹರ್ಟ್ಜ್‌ನಿಂದ 40ಕ್ಕೆ ಇಳಿದರೆ ಫ್ಯಾನು ಎಳೆಯುವ ಕರೆಂಟು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಉಳಿತಾಯ ಇರುವುದೇ ಅಲ್ಲಿ.

ಗ್ರೀನ್ ಸರ್ಟಿಫಿಕೇಟಿನ ಅತಿ ಮೇಲಿನ ದರ್ಜೆಯಾದ ಪ್ಲಾಟಿನಂ ರೇಟಿಂಗ್ ಇದ್ದ ಒಂದು ಕಟ್ಟಡದಲ್ಲಿ ಫ್ಲೋರ್ ಫ್ಲೋರ್ ಸುತ್ತಿದೆವು. ಎಲ್ಲ ಕಡೆ 50. ಎಲ್ಲ ವಿಎಫ್‌ಡಿ ಹ್ಯಾಂಡ್ ಮೋಡಿನಲ್ಲಿ, ಅಂದರೆ ಸೆನ್ಸರ್ ಮಾತು ಕೇಳದೆ ಕೈಯಾರೆ ಇಟ್ಟ ವೇಗದಲ್ಲೇ ಓಡುತ್ತಿದ್ದವು. ಆಪರೇಟರ್ ಹುಡುಗನನ್ನು ಕೇಳಿದರೆ, "ಸೆಕೆ ಅಂತ ಮೇಲಿನ ಫ್ಲೋರಿನವ್ರು ಫೋನ್ ಮಾಡಿದ್ರು ಸಾರ್. ಹ್ಯಾಂಡ್‌ಗೆ ಹಾಕಿದ್ವಿ. ಮತ್ತೆ ಆಟೋಗೆ ಹಾಕು ಅಂತ ಯಾರೂ ಹೇಳ್ಲಿಲ್ಲ" ಅಂದ.

ಸೆಕೆ ಯಾಕೆ ಆಯಿತು ಅಂತ ಹುಡುಕಿದರೆ ಕಾರಣ ತೀರಾ ಸಣ್ಣದು. ಬಾಡಿಗೆಯವರು ಹೊಸದಾಗಿ ಒಂದು ಕ್ಯಾಬಿನ್ ಕಟ್ಟಿಸಿದ್ದರು. ಗೋಡೆಯ ಟೆಂಪರೇಚರ್ ಸೆನ್ಸರ್ ಕ್ಯಾಬಿನ್ ಒಳಗೆ ಸೇರಿಹೋಗಿತ್ತು. ಸಾಹೇಬರು ಟೂರಿನಲ್ಲಿ, ಕ್ಯಾಬಿನ್ ಖಾಲಿ, ಒಳಗೆ ತಣ್ಣಗೆ. ಸೆನ್ಸರ್ ಮಾತು ಕೇಳಿ ಫ್ಯಾನು ನಿಧಾನ. ಹೊರಗೆ ಸಾಲಾಗಿ ಕೂತವರಿಗೆ ಬೆವರು. ಸೆನ್ಸರನ್ನು ನಾಲ್ಕು ಮಾರು ಆಚೆ ಸರಿಸಿದ್ದರೆ ಮುಗಿದಿತ್ತು.

ನಮ್ಮ ದೇಶದಲ್ಲಿ ನಿಯಮಕ್ಕೇನೂ ಬರ ಇಲ್ಲ. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಅಡಿ ಕಟ್ಟಡಗಳಲ್ಲಿ ಇಂಧನ ಉಳಿಸುವ ನಿಯಮಾವಳಿಯಾದ ಇಸಿಬಿಸಿ ಕೋಡ್ 2007ರಲ್ಲಿ ಬಂತು, 2017ರಲ್ಲಿ ಪರಿಷ್ಕರಣೆ ಆಯಿತು. ಕನೆಕ್ಟೆಡ್ ಲೋಡ್ (ಜೋಡಿಸಿದ ಎಲ್ಲ ಉಪಕರಣಗಳ ಒಟ್ಟು ಸಾಮರ್ಥ್ಯ) 100 ಕಿಲೋವ್ಯಾಟ್ ಅಥವಾ ಕಾಂಟ್ರಾಕ್ಟ್ ಡಿಮಾಂಡ್ (ವಿದ್ಯುತ್ ಕಂಪನಿ ಜೊತೆ ಒಪ್ಪಂದವಾದ ಗರಿಷ್ಠ ಬೇಡಿಕೆ) 120 ಕೆವಿಎ ಮುಟ್ಟುವ ವಾಣಿಜ್ಯ ಕಟ್ಟಡಗಳು ಇದರ ವ್ಯಾಪ್ತಿಗೆ ಬರುತ್ತವೆ. ಬರೆದವರು ಸುಮ್ನೆ ಬರೆದಿಲ್ಲ. ಗಾಜಿನ ವಿಷಯವನ್ನೇ ನೋಡಿ. ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಗಾಜು ದಾಟಿ ಒಳಗೆ ಬರುತ್ತದೆ ಎಂಬುದಕ್ಕೆ ಎಸ್‌ಎಚ್‌ಜಿಸಿ ಎಂಬ ಅಳತೆ ಇದೆ. 2017ರ ಕೋಡ್ ಪ್ರಕಾರ ನಮ್ಮ ಹವಾಮಾನದಲ್ಲಿ ಅದು 0.27 ದಾಟಬಾರದು. ಉತ್ತರ ದಿಕ್ಕಿನ ಕಿಟಕಿಗೆ ಮಾತ್ರ 0.50ರವರೆಗೆ ರಿಯಾಯಿತಿ. ಆದರೆ 15 ಡಿಗ್ರಿ ಅಕ್ಷಾಂಶಕ್ಕಿಂತ ಕೆಳಗಿನ ಊರಿಗೆ ಆ ರಿಯಾಯಿತಿಯೂ ಇಲ್ಲ. ಅಂದರೆ ಹುಬ್ಬಳ್ಳಿಗೆ ಉಂಟು, ಬೆಂಗಳೂರಿಗೆ ಇಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಬೆಂಗಳೂರಿನ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನಲ್ವಾ? ಅದನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ.

ಒಂದೇ ವ್ಯತ್ಯಾಸ. ಗಾಜನ್ನು ಯಾರೂ ಹ್ಯಾಂಡ್ ಮೋಡಿಗೆ ಹಾಕಲು ಆಗಲ್ಲ. ಫ್ಯಾನನ್ನು ಹಾಕಬಹುದು.

ಹೊಸ ಕಟ್ಟಡದ ರೇಟಿಂಗ್ ಹೆಚ್ಚಾಗಿ ಡ್ರಾಯಿಂಗ್ ಮತ್ತು ಸಿಮ್ಯುಲೇಶನ್ ನೋಡಿ ಕೊಡುವಂಥದ್ದು. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ ಕೊಡುವ ಬಿಇಇ ಸ್ಟಾರ್ ಬೇರೆ ಥರ. ಇಡೀ ವರ್ಷ ನಿಜವಾಗಿ ಉರಿಸಿದ ಯೂನಿಟ್ಟುಗಳನ್ನು ಚದರ ಮೀಟರಿಗೆ ಭಾಗಿಸಿ ಇಪಿಐ ಎಂಬ ಅಂಕಿ ತೆಗೆಯುತ್ತಾರೆ, ಅದು ಕಡಿಮೆ ಇದ್ದಷ್ಟೂ ಒಳ್ಳೆಯದು. ನನಗೆ ಇದೇ ಜಾಸ್ತಿ ಇಷ್ಟ. ಇದರಲ್ಲೂ ಮೋಸ ಹೋಗಬಹುದು. ಅರ್ಧ ಖಾಲಿ ಬಿದ್ದ ಕಟ್ಟಡದ ಇಪಿಐ ಚೆನ್ನಾಗೇ ಕಾಣುತ್ತದೆ. ಮೂರು ಶಿಫ್ಟಿನ ಆಫೀಸು ಕೆಟ್ಟದಾಗಿ ಕಾಣುತ್ತದೆ. ಬಿಪಿಒಗಳಿಗೆ ಗಂಟೆ ಲೆಕ್ಕದ ಬೇರೆ ಅಳತೆ ಇಟ್ಟಿರುವುದು ಅದಕ್ಕೇ.

ಆಪರೇಟರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ವಿಎಫ್‌ಡಿ ಕೊಂಡವರು ಬಿಲ್ಡರ್, ಬಿಲ್ ಕಟ್ಟುವವರು ಬಾಡಿಗೆಯವರು, ಇವನು ಕಾಂಟ್ರಾಕ್ಟ್ ನೌಕರ. ಕರೆಂಟು ಜಾಸ್ತಿ ಹೋದರೆ ಇವನನ್ನು ಯಾರೂ ಕೇಳಲ್ಲ. ಸೆಕೆ ಆದರೆ ಮೊದಲ ಫೋನ್ ಇವನಿಗೇ. ನಾನಾದರೂ ಹ್ಯಾಂಡ್‌ಗೇ ಹಾಕುತ್ತಿದ್ದೆ.

ಆದ್ದರಿಂದ ಈಗ ನನ್ನ ರಿಪೋರ್ಟಿನ ಮೊದಲ ಪುಟದಲ್ಲಿ ಚಿಲ್ಲರ್ (ಎಸಿಗೆ ನೀರು ತಣ್ಣಗೆ ಮಾಡುವ ಯಂತ್ರ) ಬದಲಾಯಿಸಿ, ಸೋಲಾರ್ ಹಾಕಿಸಿ ಅಂತೆಲ್ಲ ಬರುವುದಿಲ್ಲ. ವಿಎಫ್‌ಡಿಯನ್ನು ಹ್ಯಾಂಡ್‌ಗೆ ಹಾಕಿದರೆ ತಾರೀಖು, ಕಾರಣ ಬರೆದ ಟ್ಯಾಗ್ ಕಟ್ಟಿ. ಸೋಮವಾರ ಸೋಮವಾರ ಆ ಟ್ಯಾಗುಗಳನ್ನು ಫೆಸಿಲಿಟಿ ಮ್ಯಾನೇಜರ್ ಖುದ್ದಾಗಿ ನೋಡಲಿ. ಹೊಸ ಕ್ಯಾಬಿನ್‌ಗೆ ಒಪ್ಪಿಗೆ ಕೊಡುವ ಮೊದಲು ಸೆನ್ಸರ್ ಎಲ್ಲಿದೆ ಅಂತ ವಿಚಾರಿಸಲಿ ಅಂತ ಬರೆಯುತ್ತೇನೆ. "ಇಷ್ಟಕ್ಕೆ ನಿಮಗೆ ಫೀಸ್ ಕೊಡಬೇಕಾ?" ಅಂತ ಕೇಳಿದವರೂ ಇದ್ದಾರೆ. ಕೊಟ್ಟಿದ್ದಾರೆ.