ಇಂಡೆಕ್ಸಿನಲ್ಲಿ ಇಬ್ಬರಾದ ಚೆಬಿಶೆವ್

ಉಡುಪಿಯ ಒಂದು ಪ್ರೆಸ್ಸಿನಲ್ಲಿ ಪುಟ ಕಟ್ಟುವುದು, ಪ್ರೂಫ್ ನೋಡುವುದು ನನ್ನ ಕೆಲಸ. ಒಮ್ಮೆ ಡಿಗ್ರಿ ಮಕ್ಕಳಿಗಾಗಿ ಮೂವರು ಮೇಷ್ಟ್ರು ಸೇರಿ ಇಂಗ್ಲಿಷಿನಲ್ಲಿ ಬರೆದ ಸಂಭವನೀಯತೆಯ ಪುಸ್ತಕ ಬಂತು. ರಷ್ಯಾದ ಗಣಿತಜ್ಞ ಚೆಬಿಶೆವ್ ಹೆಸರು ಅದರಲ್ಲಿ ಮೂರು ಥರ ಇತ್ತು. ಒಂದು ಕಡೆ ಸಿ ಅಕ್ಷರದಿಂದ ಶುರು, ಉಳಿದ ಕಡೆ ಟಿ ಅಕ್ಷರದಿಂದ. ಕೊನೆಗೆ ಒಮ್ಮೆ ವಿ, ಒಮ್ಮೆ ಎರಡು ಎಫ್. ಸರಾಸರಿಯಿಂದ ಎರಡು ಮಾನಕ ವಿಚಲನೆಯೊಳಗೆ (ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಬೆಲೆಗಳು ಎಷ್ಟು ಹರಡಿವೆ ಎನ್ನುವ ಅಳತೆ) ಕನಿಷ್ಠ 75% ಬೆಲೆಗಳು ಬಂದೇ ಬರುತ್ತವೆ ಎನ್ನುವ ಅವರ ಅಸಮಾನತೆ (ಇನೀಕ್ವಾಲಿಟಿ) ಇಂಡೆಕ್ಸಿನ ಸಿ ಕೆಳಗಿತ್ತು. ಅವರದ್ದೇ ಪ್ರಮೇಯ ಟಿ ಕೆಳಗಿತ್ತು. ಓದುವ ಮಕ್ಕಳಿಗೆ ಇವರು ಇಬ್ಬರು ಅಂತಲೇ ಅನಿಸುತ್ತದೆ, ಅಲ್ವಾ?

ಫೈಂಡ್-ರಿಪ್ಲೇಸ್ ಕೊಟ್ಟು ಎಲ್ಲವನ್ನೂ ಸಿ ಮಾಡಿದೆ. ಅನುಬಂಧದಲ್ಲಿ ಚೆಬಿಶೆವ್ ಬಹುಪದಿಗಳಿಗೆ ದೊಡ್ಡ ಟಿ ಅಕ್ಷರದ ಚಿಹ್ನೆ ಇತ್ತು. ಹೆಸರು ಸಿ ಆದ ಮೇಲೆ ಟಿ ಯಾಕೆ ಅಂತ ಅದನ್ನೂ ತಿದ್ದಿದೆ.

ಎರಡನೇ ಪ್ರೂಫ್ ನೋಡಿದ ಹಿರಿಯ ಮೇಷ್ಟ್ರು ಫೋನ್ ಮಾಡಿದರು. "ಎಂತ ಮಾರಾಯ್ರೆ, ನಮ್ಮ ಟಿ ಎಲ್ಲಿ ಹೋಯ್ತು?"

ಬೈಯಲಿಲ್ಲ. ಸಂಜೆ ಪ್ರೆಸ್ಸಿಗೇ ಬಂದು, ಹಾಳಾದ ಪ್ರೂಫಿನ ಹಿಂಬದಿಯಲ್ಲಿ ಬರೆದು ತೋರಿಸಿದರು. ರಷ್ಯನ್ನಿನಲ್ಲೂ ನಮ್ಮ ಹಾಗೆ ಚ ಒಂದೇ ಅಕ್ಷರ. ಫ್ರೆಂಚಿನಲ್ಲಿ ಸಿ-ಎಚ್ ಅಂತ ಬರೆದರೆ ಶ ಆಗಿಬಿಡುತ್ತದೆ. ಚ ಬೇಕಾದರೆ ಮೊದಲಿಗೆ ಟಿ ಸೇರಿಸಬೇಕು. ಜರ್ಮನ್ನಿನಲ್ಲಿ ಚ ಒಂದಕ್ಕೇ ನಾಲ್ಕು ಅಕ್ಷರ: ಟಿ, ಎಸ್, ಸಿ, ಎಚ್. ಕೊನೆಯ ವ್ ರಷ್ಯನ್ನರ ಬಾಯಲ್ಲಿ ಫ್ ಥರ ಕೇಳಿಸುತ್ತದೆ, ಅದಕ್ಕೇ ಎಫ್. ಬಹುಪದಿಯ ಟಿ ಬಂದದ್ದು ಈ ಹಳೆಯ ಬರವಣಿಗೆಗಳಿಂದ. ನಿಜವಾದ ಉಚ್ಚಾರ ಚೆಬಿಶೋವ್‌ಗೆ ಹತ್ತಿರವಂತೆ. ಆ ಓ ಸ್ವರದ ರಷ್ಯನ್ ಅಕ್ಷರದ ಮೇಲಿನ ಎರಡು ಚುಕ್ಕಿಯನ್ನು ಅಚ್ಚಿನಲ್ಲಿ ಬಿಡುವುದೇ ಜಾಸ್ತಿ, ಆಗ ಅದು ಎ ಥರ ಕಾಣುತ್ತದೆ. ಹಾಗಾಗಿ ಹೊರಗಿನವರೆಲ್ಲ ಶೆವ್ ಅಂದರು.

ನನಗೆ ಹೆಚ್ಚು ಬೇಸರವಾದದ್ದು ಇನ್ನೊಂದಕ್ಕೆ. ಆ ಅಸಮಾನತೆಯ ಲೇಖನ 1867ರಲ್ಲಿ ಫ್ರೆಂಚಿನಲ್ಲಿ ಟಿ ಅಕ್ಷರದ ಹೆಸರಿನಲ್ಲೇ ಅಚ್ಚಾಗಿತ್ತು. ಆಕರಪಟ್ಟಿಯಲ್ಲಿ ಅದನ್ನೂ ನನ್ನ ರಿಪ್ಲೇಸ್ ಬದಲಿಸಿತ್ತು. ಮೂಲ ಹುಡುಕುವವರ ದಾರಿಯನ್ನು ನಾನೇ ಮುಚ್ಚಿದ್ದೆ.

ಮಂಗಳೂರಿಗೆ ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ. ಊರು ಒಂದೇ ಅಂತ ನಮಗೆ ಗೊತ್ತು. ಹೊಸಬರಿಗೆ ಯಾರಾದರೂ ಹೇಳಬೇಕು. ಪುಸ್ತಕದಲ್ಲಿ ಆ ಕೆಲಸ ಇಂಡೆಕ್ಸಿನದ್ದು.

ಈಗ ಪಾಠದೊಳಗೆ ಒಂದೇ ರೂಪ ಇಡುತ್ತೇನೆ. ಆಕರಪಟ್ಟಿಯಲ್ಲಿ ಮೂಲದಲ್ಲಿ ಅಚ್ಚಾದ ಹಾಗೆಯೇ. ಇಂಡೆಕ್ಸಿನಲ್ಲಿ ಸಿ ಕೆಳಗೆ ಪುಟಸಂಖ್ಯೆಗಳು, ಟಿ ಕೆಳಗೆ "ಸಿ ನೋಡಿ" ಎಂಬ ಒಂದು ಸಾಲು. ಬರೆದವರನ್ನು ಕೇಳದೆ ಚಿಹ್ನೆ ಮುಟ್ಟುವುದಿಲ್ಲ. ಹೆಸರುಗಳಿಗೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಚೆಬಿಶೆವ್ ಕೆಳಗೆ ಅವರ ಶಿಷ್ಯರಾದ ಮಾರ್ಕೋವ್, ಲಿಯಾಪುನೋವ್ ಕೂಡ ಸೇರಿದ್ದಾರೆ. ಹಳೆಯ ಪುಸ್ತಕಗಳಲ್ಲಿ ಅವರಿಬ್ಬರಿಗೂ ಎರಡು ಎಫ್ ಉಂಟು.