ಲಕ್ಕುಂಡಿಯ ಕಂಬಕ್ಕೆ ಫೋಕಸ್ ಯಾಕೆ ಕೂರುವುದಿಲ್ಲ?

ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಕಂಬಗಳು ಲೇತಿನಲ್ಲಿ ತಿರುವಿದಷ್ಟು ನುಣುಪು. ಮೇಲಿಂದ ಕೆಳಗೆ ಉಂಗುರದ ಮೇಲೆ ಉಂಗುರ. ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾ ಅಡ್ಡ ಹಿಡಿದು, ಕಂಬದ ನಟ್ಟನಡುವೆ ಫೋಕಸ್ ಪಾಯಿಂಟ್ ಇಟ್ಟು ಶಟರ್ ಅರ್ಧ ಒತ್ತಿ. ಎಷ್ಟೋ ಸಲ ಲೆನ್ಸ್ ಹಿಂದೆ ಮುಂದೆ ತಡಕಾಡಿ ಸೋಲುತ್ತದೆ. ಅದೇ ಕ್ಯಾಮೆರಾವನ್ನು ಉದ್ದುದ್ದ ತಿರುಗಿಸಿ ಹಿಡಿದರೆ ಥಟ್ಟನೆ ಕೂರುತ್ತದೆ.

ಕಾರಣ ಸೆನ್ಸರ್ ಓದುವ ರೀತಿಯಲ್ಲಿದೆ. ಲೆನ್ಸಿನ ಎಡ ಭಾಗದಿಂದ ಬಂದ ಬೆಳಕು ಒಂದು ಚಿತ್ರ, ಬಲ ಭಾಗದಿಂದ ಬಂದದ್ದು ಇನ್ನೊಂದು. ಫೋಕಸ್ ಸರಿಯಿದ್ದರೆ ಎರಡೂ ಹೊಂದುತ್ತವೆ, ತಪ್ಪಿದ್ದರೆ ಅಕ್ಕಪಕ್ಕ ಸರಿದಿರುತ್ತವೆ. ಸರಿದ ದಿಕ್ಕು ನೋಡಿ ಲೆನ್ಸ್ ಯಾವ ಕಡೆ ಹೋಗಬೇಕು, ಸರಿದ ಅಳತೆ ನೋಡಿ ಎಷ್ಟು ಹೋಗಬೇಕು ಎಂಬ ಲೆಕ್ಕ ಒಂದೇ ಏಟಿಗೆ ಸಿಗುತ್ತದೆ. ಇದೇ ಫೇಸ್ ಡಿಟೆಕ್ಷನ್. ಆದರೆ ಗೆರೆ ಹಾಕಿದ ನೋಟ್‌ಬುಕ್ ಹಾಳೆಯನ್ನು ಗೆರೆಯ ಗುಂಟವೇ ಸರಿಸಿದರೆ ಸರಿದದ್ದು ಗೊತ್ತಾಗುತ್ತದೆಯೇ? ಅಡ್ಡ ಉಂಗುರಗಳ ಮುಂದೆ ಸೆನ್ಸರಿನ ಗತಿಯೂ ಅದೇ. ಕ್ಯಾಮೆರಾ ತಿರುಗಿಸುವ ಮನಸ್ಸಿಲ್ಲದಿದ್ದರೆ ಪಾಯಿಂಟನ್ನು ಕಂಬದ ಅಂಚಿಗೆ ಒಯ್ಯಿರಿ, ಅಲ್ಲಿ ನಿಂತ ಗೆರೆ ಸಿಗುತ್ತದೆ.

ಕನ್ನಡಿಯಿರುವ ಕ್ಯಾಮೆರಾ, ಅಂದರೆ ಡಿಎಸ್‌ಎಲ್‌ಆರ್‌ನಲ್ಲಿ ಈ ಕೆಲಸಕ್ಕೆ ಬೇರೆಯೇ ಫೋಕಸ್ ಮಾಡ್ಯೂಲ್ ಇದೆ. ಮುಖ್ಯ ಕನ್ನಡಿಯ ಹಿಂದಿನ ಪುಟ್ಟ ಕನ್ನಡಿ ಬೆಳಕನ್ನು ಕೆಳಗೆ, ಮಿರರ್ ಬಾಕ್ಸಿನ ತಳಕ್ಕೆ ಕಳಿಸುತ್ತದೆ. ಕ್ರಾಸ್ ಟೈಪ್ ಪಾಯಿಂಟಿನಲ್ಲಿ ಸೆನ್ಸರ್ ಸಾಲುಗಳು ಎರಡೂ ದಿಕ್ಕಿಗಿರುವುದರಿಂದ ಅಡ್ಡ ಗೆರೆ, ನಿಂತ ಗೆರೆ ಎರಡೂ ನಡೆಯುತ್ತವೆ. ನಿಕಾನ್ ಡಿ850ರ 153 ಪಾಯಿಂಟುಗಳಲ್ಲಿ 99 ಇಂಥವು. ಗುಡಿಯ ಮಂದ ಬೆಳಕಿನಲ್ಲಿ ನಡುವಿನ ಪಾಯಿಂಟನ್ನೇ ನಂಬಿ.

ಗದಗ ಜಿಲ್ಲೆಯ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳನ್ನು ಹತ್ತಿರ ತೋರಿಸಲು ಲೆನ್ಸಿನ ಹಿಂದೆ ಟೆಲಿಕನ್ವರ್ಟರ್ ಹಾಕುವವರು ಇದನ್ನು ಗಮನಿಸಬೇಕು. ಎಫ್ 5.6 ಲೆನ್ಸಿಗೆ 1.4 ಪಟ್ಟಿನದು ಹಾಕಿದರೆ ಎಫ್ 8 ಆಗುತ್ತದೆ, ಅಂದರೆ ಬೆಳಕಿನ ದಾರಿ ಕಿರಿದಾಗುತ್ತದೆ. ಆಗ ಡಿ850ರಲ್ಲಿ ಕೆಲಸ ಮಾಡುವುದು 15 ಪಾಯಿಂಟು ಮಾತ್ರ. 2 ಪಟ್ಟಿನದು ಹಾಕಿದರೆ ಎಫ್ 11, ಅಲ್ಲಿಗೆ ಡಿಎಸ್‌ಎಲ್‌ಆರ್‌ನ ಆಟೋಫೋಕಸ್ ನೆಚ್ಚುವ ಹಾಗಿಲ್ಲ. ಬಿಸಿಲೇರಿದ ಮೇಲೆ ನೆಲದ ಝಳಕ್ಕೆ ಗೆರೆಗಳೇ ನಡುಗುತ್ತವೆ. ಅದಕ್ಕೆ ಯಾವ ಸೆಟ್ಟಿಂಗೂ ಮದ್ದಲ್ಲ, ಬೆಳಗಿನ ತಂಪಿನಲ್ಲೇ ಹೋಗಬೇಕು.

ಇನ್ನು ನಮ್ಮ ಹುಬ್ಬಳ್ಳಿಯ ಧೂಳು. ಮಾಡ್ಯೂಲಿನ ಕಿಂಡಿ ತಳದಲ್ಲಿರುವುದರಿಂದ ಧೂಳು ಅಲ್ಲಿಯೇ ಕೂರುತ್ತದೆ. ಫೋಟೋದಲ್ಲಿ ಕಲೆ ಕಾಣದು, ಫೋಕಸ್ ಮಾತ್ರ ತಪ್ಪುತ್ತಿರುತ್ತದೆ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಕ್ಲೀನಿಂಗ್ ಮೋಡಿನಲ್ಲಿ ಕನ್ನಡಿ ಮೇಲೆತ್ತಿಸಿ, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ರಬ್ಬರ್ ಬ್ಲೋವರಿನಿಂದ ಊದಿ. ಗಾಳಿ ಡಬ್ಬಿ ಬೇಡವೇ ಬೇಡ, ಅದರ ದ್ರವ ಒಳಗೆ ಸಿಡಿಯುತ್ತದೆ.

ಪ್ರತಿ ಸಲವೂ ಒಂದೇ ಕಡೆಗೆ ತಪ್ಪುತ್ತಿದ್ದರೆ ಅದು ಧೂಳಲ್ಲ. ಮಾಡ್ಯೂಲಿಗೆ ಹೋಗುವ ದಾರಿಗೂ ಚಿತ್ರದ ಸೆನ್ಸರಿಗೆ ಹೋಗುವ ದಾರಿಗೂ ಅಳತೆ ಹೊಂದುತ್ತಿಲ್ಲ. ಟ್ರೈಪಾಡ್ ಮೇಲಿಟ್ಟು, ಫೋಕಲ್ ಲೆಂತಿನ ಸುಮಾರು 50 ಪಟ್ಟು ದೂರದಲ್ಲಿ, ಅಂದರೆ 50 ಎಂಎಂ ಲೆನ್ಸಿಗೆ 2.5 ಮೀಟರಿನಲ್ಲಿ, ಅಚ್ಚಾದ ಹಾಳೆಯೊಂದನ್ನು ಕ್ಯಾಮೆರಾಕ್ಕೆ ನೇರವಾಗಿ ನಿಲ್ಲಿಸಿ. ಅಪರ್ಚರ್ ಪೂರ್ತಿ ತೆರೆದು, ಪ್ರತಿ ಸಲ ಫೋಕಸ್ ಕೆಡಿಸಿ, ನಡುವಿನ ಪಾಯಿಂಟಿನಿಂದ ಐದಾರು ಫೋಟೋ ತೆಗೆಯಿರಿ. ಆಮೇಲೆ ಮೆನುವಿನಲ್ಲಿ ಫೋಕಸ್ ತಿದ್ದುವ ಸೆಟ್ಟಿಂಗಿಗೆ (ನಿಕಾನಿನಲ್ಲಿ ಎಎಫ್ ಫೈನ್ ಟ್ಯೂನ್, ಕೆನಾನಿನಲ್ಲಿ ಎಎಫ್ ಮೈಕ್ರೋಅಡ್ಜಸ್ಟ್‌ಮೆಂಟ್) ಹೋಗಿ. ಫೋಕಸ್ ಹಾಳೆಗಿಂತ ಮುಂದೆ ಬೀಳುತ್ತಿದ್ದರೆ ಪ್ಲಸ್, ಹಿಂದೆ ಬೀಳುತ್ತಿದ್ದರೆ ಮೈನಸ್. ಈ ಸೆಟ್ಟಿಂಗ್ ಇರುವ ಕೆನಾನ್, ನಿಕಾನ್ ಎರಡರಲ್ಲೂ 20ರವರೆಗೆ ಅವಕಾಶವಿದೆ. 20ಕ್ಕೂ ಸರಿಹೋಗದಿದ್ದರೆ ಲೆನ್ಸ್ ಮತ್ತು ಬಾಡಿ ಎರಡನ್ನೂ ಒಟ್ಟಿಗೆ ಸರ್ವಿಸಿಗೆ ಕೊಡಿ.